ಮೊದಲೇ ಒಪ್ಪಿದವರ ಮುಂದೆ ಆಡುವ ನಾಟಕದಿಂದ ಏನು ಪ್ರಯೋಜನ?

ಪ್ರಶ್ನೆ: ಜನರನ್ನು ಕೆಣಕುವ ರಾಜಕೀಯ ನಾಟಕಗಳಿಗೆ ಬರುವವರೆಲ್ಲ ನಿರ್ದೇಶಕರ ವಿಚಾರವನ್ನು ಮೊದಲೇ ಒಪ್ಪಿದವರು. ಚಪ್ಪಾಳೆ ತಟ್ಟಿ ಮನೆಗೆ ಹೋಗುತ್ತಾರೆ. ಹೀಗಿರುವಾಗ ಇಂಥ ನಾಟಕಗಳಿಂದ ಏನಾದರೂ ಬದಲಾಗುತ್ತದೆಯೇ?

ಉತ್ತರ: ಬಹುಪಾಲು ನಾಟಕಗಳ ಮಟ್ಟಿಗೆ ನಿಮ್ಮ ಅನುಮಾನ ನಿಜ. ವೇದಿಕೆಯ ಮೇಲೊಬ್ಬ ಭ್ರಷ್ಟ ಮಂತ್ರಿ, ಅವನನ್ನು ಹೀಗಳೆಯುವ ನಾಲ್ಕು ಖಾರವಾದ ಮಾತು, ಕೊನೆಗೊಂದು ಘೋಷಣೆ. ನೋಡಿದವರಿಗೆ ತಾವು ನ್ಯಾಯದ ಪಕ್ಷದಲ್ಲಿದ್ದೇವೆ ಎಂಬ ಸಮಾಧಾನ. ಆ ಮಂತ್ರಿ ಸಭಾಂಗಣದಲ್ಲಿ ಇರುವುದಿಲ್ಲ, ಇರುವವರು ನಾವು. ಕೆಣಕುವುದಾದರೆ ನಮ್ಮನ್ನೇ ಕೆಣಕಬೇಕು. ಈ ಮಾತನ್ನು ಗಂಭೀರವಾಗಿ ತೆಗೆದುಕೊಂಡ ನಿರ್ದೇಶಕರು ಕಡಿಮೆ, ಆದರೆ ಇದ್ದಾರೆ.

ಜರ್ಮನಿಯ ಕ್ರಿಸ್ಟೋಫ್ ಶ್ಲಿಂಗೆನ್‌ಸೀಫ್ 2000ದ ಜೂನ್‌ನಲ್ಲಿ ವಿಯೆನ್ನಾದ ಆಪೆರಾ ಭವನದ ಪಕ್ಕದ ಚೌಕದಲ್ಲಿ ಕಂಟೇನರ್‌ಗಳನ್ನು ಇರಿಸಿದರು. ಒಳಗೆ ಆಶ್ರಯ ಕೋರಿ ಬಂದವರೆಂದು ಪರಿಚಯಿಸಲಾದ ಹನ್ನೆರಡು ಜನ, ಅವರ ಮೇಲೆ ಹಗಲೂ ರಾತ್ರಿ ಕ್ಯಾಮೆರಾ. ದಿನಕ್ಕೆ ಇಬ್ಬರನ್ನು ಜನರೇ ಮತ ಹಾಕಿ ದೇಶದಿಂದ ಹೊರಗಟ್ಟಬಹುದು ಎಂಬ ನಿಯಮ. ಮೇಲೆ ದೊಡ್ಡ ಫಲಕ: ‘ವಿದೇಶಿಯರೇ, ತೊಲಗಿ’. ವಲಸೆ ವಿರೋಧಿ ಫ್ರೀಡಂ ಪಾರ್ಟಿ ಅದೇ ವರ್ಷ ಫೆಬ್ರುವರಿಯಲ್ಲಿ ಆಸ್ಟ್ರಿಯಾದ ಸರ್ಕಾರದಲ್ಲಿ ಪಾಲುದಾರನಾಗಿತ್ತು. ವಲಸೆ ವಿರೋಧಿಗಳ ಘೋಷಣೆಯನ್ನೇ ಶ್ಲಿಂಗೆನ್‌ಸೀಫ್ ಎತ್ತಿ ಊರ ನಡುವೆ ನೇತುಹಾಕಿದ್ದರು.

ಅಲ್ಲಿ ನಡೆದದ್ದನ್ನು ಗಮನವಿಟ್ಟು ನೋಡಬೇಕು. ಬಲಪಂಥೀಯರಿಗೆ ಸಿಟ್ಟು ಬಂದದ್ದು ಸಹಜ. ಆದರೆ ಕಂಟೇನರ್‌ಗಳ ಮೇಲೆ ನುಗ್ಗಿ, ಛಾವಣಿ ಹತ್ತಿ, ಫಲಕವನ್ನು ಹಾಳುಗೆಡವಿ, ಒಳಗಿದ್ದವರನ್ನು ‘ಬಿಡುಗಡೆ’ ಮಾಡಲು ಬಂದವರು ಸರ್ಕಾರದ ವಿರುದ್ಧ ಹೋರಾಡುತ್ತಿದ್ದ ಎಡಪಂಥೀಯರು. ನಿರ್ದೇಶಕರ ಪಾಳೆಯದವರೇ ಎನ್ನಬಹುದು. ನಿಜವಾದ ಗಡೀಪಾರುಗಳು ನಡೆಯುತ್ತಿದ್ದ ದೇಶದಲ್ಲಿ ಅವರು ಕೆಡವಿದ್ದು ಒಂದು ನಾಟಕದ ಫಲಕವನ್ನು. ನಿಮ್ಮ ಪ್ರಶ್ನೆಗೆ ಇದು ಒಂದು ಉತ್ತರ: ಮೊದಲೇ ಒಪ್ಪಿದವರನ್ನೂ ನೆಮ್ಮದಿಯಾಗಿ ಕೂರಲು ಬಿಡದ ನಾಟಕ ಸಾಧ್ಯ.

ಆದರೂ ಈ ಪ್ರಯೋಗ ನನಗೆ ಪೂರ್ತಿ ಒಪ್ಪಿತವಲ್ಲ. ಚೌಕದಲ್ಲಿ ಧ್ವನಿವರ್ಧಕ ಇದ್ದದ್ದು ನಿರ್ದೇಶಕರ ಕೈಯಲ್ಲಿ. ವಾದ, ಜಗಳ, ಕೂಗಾಟ ನಡೆದದ್ದು ಆ ದೇಶದ ಪ್ರಜೆಗಳ ನಡುವೆ. ಯಾರ ಬದುಕು ಪಣಕ್ಕಿತ್ತೋ ಅವರ ದನಿ ಮಾತ್ರ ಅದರಡಿ ಹೂತುಹೋಯಿತು.

ಈ ಕೊರತೆಯನ್ನು ಬಹಳ ಮೊದಲೇ ಕಂಡುಕೊಂಡವರು ಬ್ರೆಜಿಲ್‌ನ ರಂಗ ನಿರ್ದೇಶಕ ಅಗಸ್ಟೋ ಬೋಲ್. ಅರುವತ್ತರ ದಶಕದಲ್ಲಿ ಅವರ ತಂಡ ದೇಶದ ಈಶಾನ್ಯ ಭಾಗದ ಬಡ ರೈತರ ನಡುವೆ ನಾಟಕವಾಡುತ್ತಿತ್ತು. ಬಂದೂಕು ಹಿಡಿದ ನಟರು ಭೂಮಿಗಾಗಿ ರಕ್ತ ಚೆಲ್ಲೋಣ ಎಂದು ಹಾಡಿದರು. ಆಟ ಮುಗಿದ ಮೇಲೆ ವಿರ್ಜಿಲಿಯೊ ಎಂಬ ರೈತ ಬಂದು, ನಿಮ್ಮ ಬಂದೂಕುಗಳನ್ನು ತನ್ನಿ, ಊಟ ಮುಗಿಸಿ ಜಮೀನುದಾರನ ಆಳುಗಳನ್ನು ಓಡಿಸಲು ಒಟ್ಟಿಗೇ ಹೋಗೋಣ ಎಂದ. ಇವು ರಂಗಪರಿಕರ, ಗುಂಡು ಹಾರುವುದಿಲ್ಲ ಎಂದರು. ಬಂದೂಕು ಸುಳ್ಳಾದರೇನು, ನೀವು ನಿಜ ತಾನೇ, ನಮ್ಮಲ್ಲಿ ಬೇಕಾದಷ್ಟು ಬಂದೂಕುಗಳಿವೆ ಎಂದ. ನಟರು ಮತ್ತೆ ತಡವರಿಸಿದಾಗ ಅವನಿಗೆ ಅರ್ಥವಾಯಿತು: ಇವರು ಹಾಡಿದ್ದು ರೈತರ ರಕ್ತದ ಬಗ್ಗೆ, ತಮ್ಮದರ ಬಗ್ಗೆ ಅಲ್ಲ.

ತಾನು ಹೊರಲಾರದ ಅಪಾಯಕ್ಕೆ ಇನ್ನೊಬ್ಬರನ್ನು ಹುರಿದುಂಬಿಸುವ ನಾಟಕವನ್ನು ಬೋಲ್ ಅಲ್ಲಿಗೆ ಕೈಬಿಟ್ಟರು. 1971ರಲ್ಲಿ ಮಿಲಿಟರಿ ಸರ್ಕಾರ ಅವರನ್ನು ಬಂಧಿಸಿ ಚಿತ್ರಹಿಂಸೆ ನೀಡಿತು, ಬಳಿಕ ದೇಶ ಬಿಡಬೇಕಾಯಿತು. 1973ರಲ್ಲಿ ಪೆರುವಿನ ಸಾಕ್ಷರತಾ ಕಾರ್ಯಕ್ರಮದಲ್ಲಿ ಕೆಲಸ ಮಾಡುವಾಗ ಹೊಸ ಕ್ರಮವೊಂದು ರೂಪುಗೊಂಡಿತು. ಪ್ರೇಕ್ಷಕರ ಬದುಕಿನದೇ ಒಂದು ಅನ್ಯಾಯವನ್ನು ಆಡಿ ತೋರಿಸುವುದು. ನಾಟಕ ಸೋಲಿನಲ್ಲಿ ಮುಗಿಯುತ್ತದೆ. ಎರಡನೆಯ ಸಲ ಆಡುವಾಗ ಪ್ರೇಕ್ಷಕರಲ್ಲಿ ಯಾರು ಬೇಕಾದರೂ ‘ನಿಲ್ಲಿಸಿ’ ಎಂದು ಎದ್ದು, ತುಳಿತಕ್ಕೊಳಗಾದ ಪಾತ್ರದ ಜಾಗದಲ್ಲಿ ನಿಂತು, ತಾವಾಗಿದ್ದರೆ ಏನು ಮಾಡುತ್ತಿದ್ದೆವು ಎಂಬುದನ್ನು ಆಡಿಯೇ ತೋರಿಸಬೇಕು. ಎದುರಿನ ನಟರು ಸುಲಭವಾಗಿ ಸೋಲುವುದಿಲ್ಲ, ಸಾಹುಕಾರ ಸಾಹುಕಾರನಂತೆಯೇ ತಿರುಗಿ ಬೀಳುತ್ತಾನೆ. ಕುಳಿತಲ್ಲಿಂದ ಸಲೀಸಾಗಿ ಕಂಡ ಪರಿಹಾರ ಅಲ್ಲಿ ಎರಡು ನಿಮಿಷವೂ ನಿಲ್ಲದೆ ಹೋಗಬಹುದು. ಆಗ ಇನ್ನೊಬ್ಬರು ಏಳುತ್ತಾರೆ. ಇದಕ್ಕೆ ಫೋರಂ ಥಿಯೇಟರ್ ಎಂದು ಹೆಸರಾಯಿತು.

ಹಾಗಾದರೆ ಏನು ಬದಲಾಯಿತು? ಬೋಲ್ ಸ್ವದೇಶಕ್ಕೆ ಮರಳಿ, 1993ರಿಂದ 1996ರವರೆಗೆ ರಿಯೊ ಡಿ ಜನೈರೊ ನಗರಸಭೆಯ ಸದಸ್ಯರಾಗಿದ್ದರು. ಬಡಾವಣೆಗಳಲ್ಲಿ ಇಂಥ ನಾಟಕಗಳನ್ನು ಆಡಿಸಿ, ಅಲ್ಲಿ ಎದ್ದು ಬಂದ ಸಲಹೆಗಳನ್ನು ಮಸೂದೆಗಳಾಗಿ ಬರೆಸಿದರು. ಅವುಗಳಲ್ಲಿ ಹದಿಮೂರು ಕಾನೂನುಗಳಾದವು, ವೃದ್ಧರ ಚಿಕಿತ್ಸೆಗೆ ಸಂಬಂಧಿಸಿದ್ದೂ ಅವುಗಳಲ್ಲೊಂದು. ಮುಂದಿನ ಚುನಾವಣೆಯಲ್ಲಿ ಅವರು ಗೆಲ್ಲಲಿಲ್ಲ, ಆದರೆ ಕ್ರಮ ಉಳಿಯಿತು. ಪಶ್ಚಿಮ ಬಂಗಾಳದ ಹಳ್ಳಿಗಳಲ್ಲಿ ಜನ ಸಂಸ್ಕೃತಿ ತಂಡದ ಕೃಷಿ ಕೂಲಿಗಳು ಹೆಂಗಸರ ಮೇಲಿನ ದೌರ್ಜನ್ಯದಂಥ ವಿಷಯಗಳ ಮೇಲೆ ಇದೇ ಬಗೆಯ ನಾಟಕ ಆಡುತ್ತಾರೆ, ಮತ್ತು ಆಟದ ನಡುವೆ ಎದ್ದು ಬರುವವರು ಅದೇ ಊರಿನ ಹೆಂಗಸರು.