ಡ್ರಿಲ್ ಮೆಷಿನ್‌ಗೆ ಕಡಗೋಲು ಸಿಕ್ಕಿಸಿದರೆ ಬೆಣ್ಣೆ ಜಾಸ್ತಿ ಬರುತ್ತಾ?

ಓದುಗರ ಪ್ರಶ್ನೆ: ಗೋಡೆ ಕೊರೆಯುವ ಡ್ರಿಲ್ ಮೆಷಿನ್ ಮನೆಯಲ್ಲಿ ಸುಮ್ಮನೆ ಬಿದ್ದಿದೆ. ಅದರ ಬಾಯಿಗೆ ಕಡಗೋಲು ಸಿಕ್ಕಿಸಿ ಮೊಸರು ಕಡೆದರೆ ಐದೇ ನಿಮಿಷಕ್ಕೆ ಬೆಣ್ಣೆ ಬರುತ್ತೆ, ಅದೂ ಕೈಯಲ್ಲಿ ಕಡೆದದ್ದಕ್ಕಿಂತ ಜಾಸ್ತಿ ಬರುತ್ತೆ ಅಂತಾರೆ. ನಿಜವಾ? ಮೆಷಿನ್‌ಗೆ ಏನೂ ಆಗಲ್ವಾ?

ಕಡೆಯಬಹುದು. ಬೆಣ್ಣೆಯೂ ಬರುತ್ತದೆ. ಜಾಸ್ತಿ ಮಾತ್ರ ಬರುವುದಿಲ್ಲ. ಶಿರಾದಿಂದ ಮುಳಬಾಗಿಲಿನವರೆಗೆ ಎಲ್ಲರೂ ಇದನ್ನೇ ಕೇಳುತ್ತಾರೆ, ಹೇಳಿ ಹೇಳಿ ಸಾಕಾಗಿದೆ. ಈ ಸಲ ಲೆಕ್ಕದ ಸಮೇತ ಬರೆಯುತ್ತಿದ್ದೇನೆ. ದಯವಿಟ್ಟು ಪೂರ್ತಿ ಓದಿ, ಆಮೇಲೆ ಮೆಷಿನ್ ಕೈಗೆ ತಗೊಳ್ಳಿ.

ಮೊದಲು ಆ "ಜಾಸ್ತಿ"ಯ ವಿಚಾರ. ಬೆಣ್ಣೆಯನ್ನು ಕಡಗೋಲು ಹುಟ್ಟಿಸುವುದಿಲ್ಲ. ಹಾಲಿನಲ್ಲಿ ಮೊದಲೇ ಇರುವ ಜಿಡ್ಡನ್ನು ಅದು ಒಂದು ಕಡೆ ಸೇರಿಸುತ್ತದೆ, ಅಷ್ಟೇ. ಬೆಳಗ್ಗೆ ಡೈರಿಗೆ ಹಾಲು ಹಾಕಿದಾಗ ಚೀಟಿಯಲ್ಲಿ ಫ್ಯಾಟ್ 3.5 ಅಂತ ಬರುತ್ತದಲ್ಲ, ನಿಮ್ಮ ಬೆಣ್ಣೆಯ ಲೆಕ್ಕ ಅಲ್ಲೇ ಮುಗಿದಿರುತ್ತದೆ. 5 ಲೀಟರ್ ಹಸುವಿನ ಹಾಲು ತೂಕದಲ್ಲಿ ಸುಮಾರು 5.15 ಕೆ.ಜಿ. ಅದರಲ್ಲಿ 3.5 ಪರ್ಸೆಂಟ್ ಅಂದರೆ 180 ಗ್ರಾಂ ಜಿಡ್ಡು. ಎಷ್ಟೇ ಚೆನ್ನಾಗಿ ಕಡೆದರೂ ಮಜ್ಜಿಗೆಯಲ್ಲಿ ಅರ್ಧ ಪರ್ಸೆಂಟಿನಷ್ಟು ಉಳಿಯುತ್ತದೆ ಅಂತಿಟ್ಟುಕೊಳ್ಳಿ, 25 ಗ್ರಾಂ ಅಲ್ಲಿಗೆ ಹೋಯಿತು. ಕೈಗೆ ಸಿಗುವುದು 155 ಗ್ರಾಂ. ಒಳ್ಳೆಯ ಬೆಣ್ಣೆಯಲ್ಲಿ ನೂರಕ್ಕೆ 80 ಭಾಗ ಜಿಡ್ಡು, ಉಳಿದದ್ದು ಹೆಚ್ಚಾಗಿ ನೀರು. ಆ ಲೆಕ್ಕದಲ್ಲಿ ನಿಮ್ಮ ಉಂಡೆ 190ರಿಂದ 195 ಗ್ರಾಂ. ಹಗ್ಗ ಎಳೆದರೂ ಇಷ್ಟೇ, 600 ವ್ಯಾಟಿನ ಮೋಟಾರು ತಿರುಗಿಸಿದರೂ ಇಷ್ಟೇ.

"ಇಲ್ಲ, ನಾವು ಕಣ್ಣಾರೆ ಕಂಡಿದ್ದೇವೆ, ಉಂಡೆ ದೊಡ್ಡದಾಗೇ ಬಂತು" ಅನ್ನುವವರಿದ್ದಾರೆ. ಅವರು ಕಂಡದ್ದು ನಿಜ. ಆದರೆ ದೊಡ್ಡದಾದದ್ದು ಬೆಣ್ಣೆಯಲ್ಲ, ಅದರೊಳಗೆ ಸೇರಿಕೊಂಡ ಮಜ್ಜಿಗೆ ಮತ್ತು ಗಾಳಿ. ಬೆಣ್ಣೆ ಕಾಳು ಕಟ್ಟಿದ ಮೇಲೂ ಮೆಷಿನ್ ಅದೇ ಜೋರಿನಲ್ಲಿ ತಿರುಗುತ್ತಿದ್ದರೆ ಕಾಳುಗಳು ಒಡೆದು, ಮಜ್ಜಿಗೆಯನ್ನು ಒಳಗೆ ಹಿಡಿದುಕೊಂಡು ಮತ್ತೆ ಅಂಟಿಕೊಳ್ಳುತ್ತವೆ. ಆ ಉಂಡೆಯನ್ನು ಅಂಗೈಯಲ್ಲಿಟ್ಟು ಒತ್ತಿ ನೋಡಿ. ಬೆರಳ ಸಂದಿಯಿಂದ ಬೆಳ್ಳಗೆ ನೀರು ಇಳಿಯುತ್ತದೆ, ಬೆಣ್ಣೆ ಗಟ್ಟಿಯಾಗಿ ನಿಲ್ಲದೆ ಕೆನೆಯ ಹಾಗೆ ಸವರಿಕೊಳ್ಳುತ್ತದೆ. ಎರಡು ದಿನಕ್ಕೆ ಹುಳಿ ವಾಸನೆ ಬರುವುದೂ ಇದಕ್ಕೇ.

ಇನ್ನೂ ಅನುಮಾನವಿದ್ದರೆ ಮನೆಯಲ್ಲೇ ಪರೀಕ್ಷೆ ಮಾಡಿ. ಒಂದೇ ಪಾತ್ರೆಯ ಮೊಸರನ್ನು ತೂಗಿ ಸಮನಾಗಿ ಎರಡು ಪಾಲು ಮಾಡಿ. ಒಂದನ್ನು ಕೈಯಲ್ಲಿ ಕಡೆಯಿರಿ, ಇನ್ನೊಂದನ್ನು ಡ್ರಿಲ್‌ನಲ್ಲಿ. ಬೆಣ್ಣೆಯನ್ನು ತೂಗಲೇಬೇಡಿ. ಎರಡನ್ನೂ ಬೇರೆ ಬೇರೆ ಕಾಯಿಸಿ, ಚಟಪಟ ಸದ್ದು ನಿಂತು ಗಸಿ ಕೆಂಪಾದ ಮೇಲೆ ಸೋಸಿ, ಆ ತುಪ್ಪವನ್ನು ತೂಗಿ. ನೀರೆಲ್ಲ ಆವಿಯಾಗಿ ಹೋಗಿರುತ್ತದೆ, ಸತ್ಯ ಮಾತ್ರ ತಕ್ಕಡಿಯಲ್ಲಿ ಉಳಿದಿರುತ್ತದೆ. ಡ್ರಿಲ್ಲಿನ ಪಾಲಿನಲ್ಲಿ ತುಪ್ಪ ಒಂದು ಹನಿಯೂ ಹೆಚ್ಚು ಬರುವುದಿಲ್ಲ. ಜೋರಾಗಿ ತಿರುಗಿಸಿದ್ದರೆ ಕಡಿಮೆಯೇ ಬರುತ್ತದೆ. ಒಡೆದ ಸಣ್ಣ ಕಾಳುಗಳು ಮಜ್ಜಿಗೆಯ ಜೊತೆ ಹರಿದು ಹೋಗಿರುತ್ತವಲ್ಲ.

ಹಾಗಾದರೆ ಎಷ್ಟು ವೇಗ ಬೇಕು? ಇದನ್ನು ನಮ್ಮ ಅಜ್ಜಿಯರ ಕೈಯೇ ಹೇಳುತ್ತದೆ. ಕಡಗೋಲಿನ ದಂಡದ ಅಡ್ಡಳತೆ ಎರಡೂವರೆ ಸೆಂಟಿಮೀಟರ್ ಇದ್ದರೆ ಅದರ ಸುತ್ತಳತೆ ಸುಮಾರು 8 ಸೆಂಟಿಮೀಟರ್. ಹಗ್ಗವನ್ನು ಒಂದು ಸಲ 40 ಸೆಂಟಿಮೀಟರ್ ಎಳೆದರೆ ದಂಡ ಐದು ಸುತ್ತು ತಿರುಗುತ್ತದೆ. ಸೆಕೆಂಡಿಗೆ ಒಂದು ಎಳೆತ ಅಂದರೆ ನಿಮಿಷಕ್ಕೆ 300 ಸುತ್ತು. ನಿಮ್ಮ 13 ಎಂಎಂ ಡ್ರಿಲ್ ಟ್ರಿಗರ್ ಪೂರ್ತಿ ಒತ್ತಿದರೆ ನಿಮಿಷಕ್ಕೆ 2,800 ಸುತ್ತಿನ ಆಸುಪಾಸು ಓಡುತ್ತದೆ. ಕೈಗಿಂತ ಒಂಬತ್ತು ಪಟ್ಟು! 7 ಸೆಂಟಿಮೀಟರ್ ಅಗಲದ ಕಡಗೋಲಿನ ತುದಿ ಆಗ ಸೆಕೆಂಡಿಗೆ ಹತ್ತು ಮೀಟರ್ ಓಡುತ್ತಿರುತ್ತದೆ. ಮೊಸರು ಸೂರಿಗೆ ಹಾರಿ ಫ್ಯಾನಿನ ರೆಕ್ಕೆಯಿಂದ ತೊಟ್ಟಿಕ್ಕುವುದು, ಪಾತ್ರೆ ತಾನೇ ಬುಗುರಿಯಂತೆ ತಿರುಗುತ್ತಾ ಬಾಗಿಲ ಕಡೆ ಹೊರಡುವುದು ಇದರಿಂದಲೇ.

ವೇಗಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ, ಅದನ್ನು ಯಾರೂ ಗಮನಿಸುವುದಿಲ್ಲ. ಹಗ್ಗದ ಕಡಗೋಲು ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ತಿರುಗುತ್ತದೆ. ಪ್ರತಿ ಸಲ ದಿಕ್ಕು ಬದಲಾದಾಗಲೂ ಓಡುತ್ತಿದ್ದ ಮೊಸರಿಗೆ ಎದುರಿನಿಂದ ಹೊಡೆತ ಬೀಳುತ್ತದೆ. ಜಿಡ್ಡಿನ ಹನಿಗಳು ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಮೂರೋ ನಾಲ್ಕೋ ಪಾಲಿನಷ್ಟು ಗಾತ್ರದವು, ಪ್ರತಿಯೊಂದರ ಮೇಲೂ ತೆಳುವಾದ ಪೊರೆ. ಒಂದಕ್ಕೊಂದು ಬಡಿದು ಪೊರೆ ಹರಿದರೆ ಮಾತ್ರ ಅಂಟಿಕೊಳ್ಳುತ್ತವೆ. ಡ್ರಿಲ್ ಒಂದೇ ದಿಕ್ಕಿಗೆ ತಿರುಗುತ್ತದೆ. ಸ್ವಲ್ಪ ಹೊತ್ತಿಗೆ ಮೊಸರೆಲ್ಲ ಅದರ ಜೊತೆಗೇ ಸುತ್ತಲು ಶುರುಮಾಡುತ್ತದೆ, ನಡುವೆ ಸುಳಿ ಬೀಳುತ್ತದೆ, ಸುಳಿಯೊಳಗೆ ಗಾಳಿ ಇಳಿದು ನೊರೆ ಏಳುತ್ತದೆ. ನೊರೆ ನೋಡಿ "ಬೆಣ್ಣೆ ಬಂತು" ಅಂದುಕೊಳ್ಳುತ್ತೀರಿ. ಹಗ್ಗ ಹಾಕಿ ಹಿಂದಕ್ಕೂ ಮುಂದಕ್ಕೂ ಎಳೆಯುವುದನ್ನು ಕಂಡುಹಿಡಿದವರಿಗೆ ಈ ಸುಳಿಯ ಪಾಠ ಚೆನ್ನಾಗಿ ಗೊತ್ತಿತ್ತು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಮೂರನೆಯದು ತಂಪು. ಮೊಸರು 15ರಿಂದ 18 ಡಿಗ್ರಿ ಇದ್ದರೆ ಜಿಡ್ಡು ಅರೆಗಟ್ಟಿಯಾಗಿ ಅಂಟುವ ಹದದಲ್ಲಿರುತ್ತದೆ. ಪಾವಗಡದ ಮೇ ತಿಂಗಳಲ್ಲಿ ಮಧ್ಯಾಹ್ನ ಕಡೆಯಲು ಕೂತರೆ ಜಿಡ್ಡು ಮೆತ್ತಗಾಗಿ ಎಣ್ಣೆಯಂತೆ ಮೇಲೆ ತೇಲುತ್ತದೆ, ಕಾಳು ಕಟ್ಟುವುದಿಲ್ಲ. ಮೋಟಾರಿನ ಶ್ರಮವೂ ಬಿಸಿಯಾಗಿ ಮೊಸರಿಗೇ ಇಳಿಯುತ್ತದೆ. 3 ಲೀಟರ್ ಮೊಸರಿಗೆ 100 ವ್ಯಾಟಿನಷ್ಟು ಹೊಡೆತ 5 ನಿಮಿಷ ಬಿದ್ದರೆ ಎರಡು ಡಿಗ್ರಿಗೂ ಮೇಲೆ ಏರುತ್ತದೆ. ಬೇಸಿಗೆಯಲ್ಲಿ ಹಳ್ಳಿಯವರು ಕೋಳಿ ಕೂಗುವ ಹೊತ್ತಿಗೆ ಕಡೆಯುತ್ತಿದ್ದದ್ದು ಸುಮ್ಮನೆ ಅಲ್ಲ. ನೀವು ಐಸ್ ನೀರು ಹಾಕಿ. ಚಿಕ್ಕಬಳ್ಳಾಪುರದ ಡಿಸೆಂಬರ್ ಬೆಳಗಿನಲ್ಲಿ ಇದರ ಉಲ್ಟಾ, ಮೊಸರು ತೀರಾ ತಣ್ಣಗಿದ್ದು ಬೆಣ್ಣೆ ಸತಾಯಿಸಿದರೆ ಒಂದು ಲೋಟ ಉಗುರುಬೆಚ್ಚಗಿನ ನೀರು.

"ಮಿಕ್ಸಿಯಲ್ಲಿ ಜೋರಾಗಿ ತಿರುಗಿಸಿದರೂ ಬರುತ್ತಲ್ಲ" ಅಂತ ಕೇಳುತ್ತಾರೆ. ಬರುತ್ತದೆ, ಏಕೆಂದರೆ ಅಲ್ಲಿ ಹಾಕುವುದು ಫ್ರಿಜ್ಜಿನಲ್ಲಿ ವಾರವಿಡೀ ಕೂಡಿಟ್ಟ ಕೆನೆ. ಜಿಡ್ಡು ಒತ್ತೊತ್ತಾಗಿದೆ, ತಣ್ಣಗಿದೆ, ಬಿಟ್ಟು ಬಿಟ್ಟು ತಿರುಗಿಸುತ್ತೀರಿ. ಮೂರು ಪರ್ಸೆಂಟ್ ಜಿಡ್ಡಿನ ಟೋನ್ಡ್ ಹಾಲಿನ ಮೊಸರನ್ನು ಅದೇ ಮಿಕ್ಸಿಗೆ ಹಾಕಿ ನೋಡಿ. ಇನ್ನು ಪ್ಯಾಕೆಟ್ ಮೇಲೆ ಹೋಮೋಜಿನೈಸ್ಡ್ ಅಂತ ಬರೆದಿದ್ದರೆ ಆಸೆಯನ್ನೇ ಬಿಡಿ. ಆ ಹಾಲಿನ ಜಿಡ್ಡಿನ ಹನಿಗಳನ್ನು ಒತ್ತಡದಲ್ಲಿ ಇನ್ನೂ ಸಣ್ಣದಾಗಿ ಒಡೆದಿರುತ್ತಾರೆ, ಅವು ಕೂಡಿಕೊಳ್ಳಲು ಒಪ್ಪುವುದಿಲ್ಲ.

ಈಗ ಡ್ರಿಲ್‌ನಲ್ಲೇ ಕಡೆಯಬೇಕು ಅನ್ನುವವರಿಗೆ ಸರಿಯಾದ ಕ್ರಮ. ಭುಜದ ನೋವಿರುವವರಿಗೆ ಇದು ನಿಜವಾಗಿ ಅನುಕೂಲ, ಬೇಡ ಅನ್ನುವುದಿಲ್ಲ.

ಮನೆಯ ಮರದ ಕಡಗೋಲನ್ನು ಕೆತ್ತಿ ಸಣ್ಣ ಮಾಡಿ ಚಕ್‌ಗೆ (ಡ್ರಿಲ್ಲಿನ ಬಾಯಿಗೆ) ತುರುಕಬೇಡಿ. ಚಕ್ಕಿನ ಮೂರು ಹಲ್ಲು ಮರವನ್ನು ಜಜ್ಜುತ್ತವೆ, ಕೋಲು ಓಲಾಡುತ್ತದೆ, ಕತ್ತಿನ ಹತ್ತಿರ ಮುರಿಯುತ್ತದೆ. 304 ಗ್ರೇಡಿನ 8 ಎಂಎಂ ಸ್ಟೀಲ್ ರಾಡು 40 ಸೆಂಟಿಮೀಟರ್ ತಗೊಳ್ಳಿ. ಚಕ್ ಹಿಡಿಯುವ ತುದಿಯಲ್ಲಿ ಅರದಿಂದ ಮೂರು ಕಡೆ ಚಪ್ಪಟೆ ಉಜ್ಜಿ, ಆಗ ಜಾರುವುದಿಲ್ಲ. ಇನ್ನೊಂದು ತುದಿಗೆ ಆರೇಳು ಸೆಂಟಿಮೀಟರ್ ಅಗಲದ ನಾಲ್ಕು ರೆಕ್ಕೆ, ಅದೂ ಸ್ಟೀಲಿನದೇ. ವೆಲ್ಡಿಂಗ್ ಮಾಡಿಸಿದರೆ ಬೆಸುಗೆಯ ಕರಿ ಪೊರೆಯನ್ನು ಉಜ್ಜಿ ನಯ ಮಾಡಿಸಿ. ಸತು ಲೇಪದ ಜಿಐ ರಾಡು ಬೇಡ, ಮೊಸರಿನ ಹುಳಿಗೆ ಅದರ ಸತು ಕರಗುತ್ತದೆ. ಮೈಪೂರ್ತಿ ತಿರುಪಿನ ಮರೆ (ಥ್ರೆಡ್) ಇರುವ ರಾಡೂ ಬೇಡ, ಮರೆಗಳ ಸಂದಿಯಲ್ಲಿ ಬೆಣ್ಣೆ ಕೂತು ಕಮಟುತ್ತದೆ. ಪೇಂಟ್ ಕಲಸುವ ರೆಕ್ಕೆಯನ್ನು ತೊಳೆದು ತರುವವರಿದ್ದಾರೆ, ಕೈಮುಗಿದು ಕೇಳುತ್ತೇನೆ, ಅದನ್ನು ಅಡುಗೆಮನೆಯೊಳಗೆ ತರಬೇಡಿ.

ಪಾತ್ರೆ ಎತ್ತರದ್ದಿರಲಿ, ಅರ್ಧಕ್ಕಿಂತ ಕಡಿಮೆ ತುಂಬಿ. 3 ಲೀಟರ್ ಮೊಸರಿಗೆ 8 ಲೀಟರಿನ ಸ್ಟೀಲ್ ಪಾತ್ರೆ ಸರಿ. ಕೆಳಗೆ ಒದ್ದೆ ಗೋಣಿತಾಟು ಮಡಿಸಿ ಹಾಕಿ, ಇನ್ನೊಬ್ಬರು ಎರಡು ಕೈಯಲ್ಲೂ ಪಾತ್ರೆ ಹಿಡಿಯಲಿ. ನಡುವಿನಿಂದ ಸ್ವಲ್ಪ ಪಕ್ಕಕ್ಕೆ ತೂತಿರುವ ಮುಚ್ಚಳ ಕಡ್ಡಾಯ, ಇದು ಮೊಸರು ಸಿಡಿಯದಿರಲಿ ಅಂತ ಮಾತ್ರ ಅಲ್ಲ. ಡ್ರಿಲ್ಲಿನ ಫ್ಯಾನು ಹಿಂದಿನಿಂದ ಗಾಳಿ ಎಳೆದು ಮುಂದಿನ ಕಿಂಡಿಗಳಿಂದ, ಅಂದರೆ ಚಕ್ಕಿನ ಪಕ್ಕದಿಂದ, ಊದುತ್ತದೆ. ಮೂತಿ ಕೆಳಗೆ ಮಾಡಿ ಹಿಡಿದಾಗ ಕಾರ್ಬನ್ ಬ್ರಷ್ಷಿನ ಕಪ್ಪು ಪುಡಿ, ಹೋದ ತಿಂಗಳು ಕೊರೆದ ಗೋಡೆಯ ಸಿಮೆಂಟ್ ಧೂಳು ಎಲ್ಲವೂ ನೇರ ಮೊಸರಿಗೇ ಬೀಳುತ್ತದೆ. ಬಳಸುವ ಮೊದಲು ಹೊರಗೆ ಒಂದು ನಿಮಿಷ ಖಾಲಿ ಓಡಿಸಿ, ಮೆಷಿನ್ ಒರೆಸಿ.

ಸುತ್ತಿಗೆ ಗುರುತಿನ ಕಡೆ ಇರುವ ಸ್ವಿಚ್ಚನ್ನು ಬಿಟ್ (ಕೊರೆಯುವ ಕಡ್ಡಿ) ಗುರುತಿನ ಕಡೆಗೆ ತಿರುಗಿಸಿ. ಮರೆತರೆ ನಿಮಿಷಕ್ಕೆ ನಲವತ್ತು ಸಾವಿರಕ್ಕೂ ಹೆಚ್ಚು ಪೆಟ್ಟು ಕೊಡುವ ಏರ್ಪಾಡಿನ ಬಾಯಿಗೆ ನೀವು ಮೊಸರು ಒಡ್ಡಿದ ಹಾಗೆ. ಕಂಪನಕ್ಕೆ ಪಾತ್ರೆ ಗಣಗಣ ಅನ್ನುತ್ತದೆ, ಬೆಣ್ಣೆಗೆ ಅದರಿಂದ ಏನೂ ಪ್ರಯೋಜನವಿಲ್ಲ. ಟ್ರಿಗರ್ ಪಕ್ಕದ ಲಾಕ್ ಗುಂಡಿ ಒತ್ತಬೇಡಿ, ಕೈ ಜಾರಿದರೂ ಮೆಷಿನ್ ನಿಲ್ಲುವುದಿಲ್ಲ. ಚಕ್ ಕೀಯಿಂದ ಮೂರೂ ತೂತಿನಲ್ಲಿ ಬಿಗಿ ಮಾಡಿ, ಕೀ ತೆಗೆದಿಡಿ.

ಮೆಲ್ಲಗೆ ಒತ್ತಿ 30 ಸೆಕೆಂಡ್ ಓಡಿಸಿ, ಪೂರ್ತಿ ನಿಲ್ಲಿಸಿ, ರಿವರ್ಸ್‌ಗೆ ಹಾಕಿ ಮತ್ತೆ 30 ಸೆಕೆಂಡ್. ತಿರುಗುತ್ತಿರುವಾಗ ರಿವರ್ಸ್ ಹಾಕಿದರೆ ಸ್ವಿಚ್ಚು, ಗೇರು ಎರಡೂ ಹಾಳು. ರಾಡನ್ನು ಪಾತ್ರೆಯ ನಡುಮಧ್ಯೆ ಹಿಡಿಯದೆ ಸ್ವಲ್ಪ ಪಕ್ಕಕ್ಕೆ ಹಿಡಿಯಿರಿ, ಸುಳಿ ಬೀಳುವುದಿಲ್ಲ. ರಾಗಿಕಾಳಿನಷ್ಟು ಬೆಣ್ಣೆ ಕಂಡ ಕೂಡಲೇ ಒಂದು ಲೋಟ ತಣ್ಣೀರು ಹಾಕಿ ವೇಗ ಇನ್ನೂ ಇಳಿಸಿ. ಜೋಳದ ಕಾಳಿನಷ್ಟಾದರೆ ನಿಲ್ಲಿಸಿ. ಉಳಿದದ್ದನ್ನು ಕೈಯಿಂದ ಒಟ್ಟುಮಾಡಿ, ಎರಡು ಸಲ ತಣ್ಣೀರಿನಲ್ಲಿ ತೊಳೆಯಿರಿ.

ಮೆಷಿನ್‌ಗೆ ಏನಾಗುತ್ತದೆ ಅಂದಿರಿ. ಮೋಟಾರನ್ನು ತಣಿಸುವ ಫ್ಯಾನು ಅದೇ ಶಾಫ್ಟಿನ ಮೇಲೆ ಕೂತಿದೆ. ನಿಧಾನ ಓಡಿಸಿದರೆ ಗಾಳಿ ಕಡಿಮೆ, ಬಿಸಿ ಜಾಸ್ತಿ. ಮೈ ಮುಟ್ಟಲಾಗದಷ್ಟು ಕಾದರೆ ಮೊಸರಿನಿಂದ ಹೊರಗೆ ತೆಗೆದು, ರಾಡು ಬಿಚ್ಚಿಟ್ಟು, ಒಂದು ನಿಮಿಷ ಖಾಲಿ ಜೋರಾಗಿ ಓಡಿಸಿ, ತಣಿಯುತ್ತದೆ. ಮೈಮೇಲೆ ಚೌಕದೊಳಗೊಂದು ಚೌಕದ ಗುರುತಿದ್ದರೆ ಅದು ಡಬಲ್ ಇನ್ಸುಲೇಷನ್, ಹಾಗಾಗಿಯೇ ಎರಡು ಪಿನ್ನಿನ ಪ್ಲಗ್. ನೀರು ತಾಗಿದರೂ ಪರವಾಗಿಲ್ಲ ಅಂತ ಅದರರ್ಥ ಅಲ್ಲವೇ ಅಲ್ಲ. ಕಿಂಡಿಯೊಳಗೆ ಮಜ್ಜಿಗೆ ಹೋದರೆ ಶಾಕ್ ಹೊಡೆಯಬಹುದು. ಮನೆಯಲ್ಲಿ ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇಲ್ಲದಿದ್ದರೆ ಈ ಕೆಲಸಕ್ಕೆ ಕೈ ಹಾಕಬೇಡಿ. ಬ್ಯಾಟರಿಯ ಕಾರ್ಡ್‌ಲೆಸ್ ಡ್ರಿಲ್ ಇದ್ದರೆ ಅದೇ ಒಳ್ಳೆಯದು. ಒಂದನೇ ಗೇರಿನಲ್ಲಿ ಅದು ಸಾಮಾನ್ಯವಾಗಿ ನಿಮಿಷಕ್ಕೆ 400 ಸುತ್ತಿನ ಆಸುಪಾಸು ಓಡುತ್ತದೆ, ಅಜ್ಜಿಯ ವೇಗಕ್ಕೆ ಹತ್ತಿರ.

ಮೊಸರು ಆಯಿತು, ಮುಂದಿನದು ಮುದ್ದೆ ಅಂತ ನನಗೆ ಗೊತ್ತು. ಯಾರೂ ಇನ್ನೂ ಕೇಳಿಲ್ಲ, ಆದರೂ ಈಗಲೇ ಹೇಳಿಬಿಡುತ್ತೇನೆ: ಡ್ರಿಲ್‌ನಲ್ಲಿ ಮುದ್ದೆ ತೊಳಸಲು ಹೋಗಬೇಡಿ. ಮೊಸರು ಹರಿಯುತ್ತದೆ, ಮುದ್ದೆ ಹರಿಯುವುದಿಲ್ಲ. ಕೋಲು ತಾನು ತಿರುಗುವಷ್ಟು ಜಾಗದಲ್ಲಿ ಬಾವಿ ತೋಡಿಕೊಂಡು ಅದರೊಳಗೇ ಸುತ್ತುತ್ತದೆ, ಒಂದು ಬೆರಳು ಆಚೆಗಿನ ಹಿಟ್ಟು ಕದಲುವುದೇ ಇಲ್ಲ. ರೆಕ್ಕೆ ಅಗಲ ಮಾಡಿದಿರೋ, ಹಿಟ್ಟು ಕಚ್ಚಿಕೊಂಡು ಮೋಟಾರು ನಿಲ್ಲುತ್ತದೆ, ಸುಟ್ಟ ವಾಸನೆ ಬರುತ್ತದೆ. ಮೋಟಾರು ನಿಲ್ಲದಿದ್ದರೆ ಇನ್ನೂ ಕೆಟ್ಟದ್ದು. ಒಂದೋ ಮೆಷಿನ್ ನಿಮ್ಮ ಮಣಿಕಟ್ಟು ತಿರುಚುತ್ತದೆ, ಇಲ್ಲವೇ ಕುದಿವ ಹಿಟ್ಟಿನ ಪಾತ್ರೆ ತಿರುಗಿ ಕಾಲ ಮೇಲೆ ಬೀಳುತ್ತದೆ. ಬಿಸಿ ಮುದ್ದೆ ಚರ್ಮಕ್ಕೆ ಅಂಟಿದರೆ ನೀರಿನ ಹಾಗೆ ಜಾರಿ ಹೋಗುವುದಿಲ್ಲ, ಅಲ್ಲೇ ಕೂತು ಸುಡುತ್ತದೆ.

ಗಂಟು ಒಡೆಯುವುದು ಸುತ್ತುವುದರಿಂದ ಅಲ್ಲ, ಒತ್ತುವುದರಿಂದ. ಮುದ್ದೆಕೋಲು ಹಿಟ್ಟನ್ನು ಪಾತ್ರೆಯ ಗೋಡೆಗೆ ಅದುಮಿ ಎಳೆಯುತ್ತದೆ, ಆ ಕೆಲಸ ಯಾವ ಡ್ರಿಲ್ಲಿಗೂ ಬಾರದು. ಒಂದು ಲೋಟ ಹಿಟ್ಟಿಗೆ ಎರಡು ಲೋಟ ನೀರು. ಕುದಿಯುವಾಗ ಹಿಟ್ಟು ಗುಡ್ಡೆ ಹಾಕಿ, ನಡುವೆ ಕೋಲಿನಿಂದ ತೂತು ಮಾಡಿ, ಸಣ್ಣ ಉರಿಯಲ್ಲಿ ಐದಾರು ನಿಮಿಷ ಬೇಯಲು ಬಿಡಿ. ಆಮೇಲೆ ಇಳಿಸಿ, ಪಾತ್ರೆಯನ್ನು ಕವೆಗೋಲಿನಲ್ಲಿ ಅದುಮಿ ಹಿಡಿದು ತೊಳಸಿ. ಗಂಟು ಸಿಕ್ಕರೆ ಕೋಲಿನ ತುದಿಯಿಂದ ಪಾತ್ರೆಯ ಗೋಡೆಗೆ ಒತ್ತಿ ಉಜ್ಜಿ. ಒಳಗೆ ಒಣ ಹಿಟ್ಟು ಕಂಡರೆ ಒಂದು ಚಮಚ ಬಿಸಿನೀರು ಚಿಮುಕಿಸಿ, ಮತ್ತೆ ಎರಡು ನಿಮಿಷ ಸಣ್ಣ ಉರಿಯಲ್ಲಿ ಮುಚ್ಚಿಡಿ.