ಕೂಸಿನ ಎಲುಬು ಮುರಿದಾಗ ಬೈಸಿಕೊಂಡವರು

ಕಲಬುರಗಿ, ಯಾದಗಿರಿ ಕಡೆ ಕೂಸಿಗೆ ಎಣ್ಣೆ ತಿಕ್ಕಿ ಎರೆಯುವುದು ಮನೆಯ ಹಿರಿಯಜ್ಜಿಯ ಕೆಲಸ. ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಬೋರಲು ಹಾಕಿಕೊಂಡು ನೀರು ಹೊಯ್ಯುತ್ತಾಳೆ. ಆ ಹೊತ್ತಿನಲ್ಲಿ ತೊಡೆಯ ಎಲುಬು ಲಟಕ್ಕನೆ ಮುರಿದರೆ ಮೊದಲ ಬೈಗುಳ ಆಕೆಗೆ. ಮುಂದಿನದು, ಬಸುರಿಯಿದ್ದಾಗ ಗ್ರಹಣ ನೋಡಿದಳೆಂದು ತಾಯಿಗೆ. ಮತ್ತೊಂದು ಎಲುಬು ಮುರಿದರೆ, ‘ಹೊಡೆದಿರೇನು?’ ಎಂದು ಆಸ್ಪತ್ರೆಯಲ್ಲೂ ಅನುಮಾನ. ಬೋರ್‌ವೆಲ್ ನೀರಿನ ಫ್ಲೋರೈಡ್ ಮೇಲೂ ತಪ್ಪು ಹೊರಿಸುವವರಿದ್ದಾರೆ. ಆದರೆ ಫ್ಲೋರೈಡ್ ಎಲುಬು ಕೆಡಿಸಲು ವರ್ಷಗಟ್ಟಲೆ ಬೇಕು. ಹಸುಗೂಸಿಗೆ ಆ ಲೆಕ್ಕ ಹೊಂದುವುದಿಲ್ಲ.

ಇಂಥ ಮಕ್ಕಳಲ್ಲಿ ಕೆಲವರಿಗಿರುವುದು ಆಸ್ಟಿಯೋಜೆನೆಸಿಸ್ ಇಂಪರ್ಫೆಕ್ಟಾ, ಅಂದರೆ ಎಲುಬು ಸುಲಭವಾಗಿ ಮುರಿಯುವ ಹುಟ್ಟುಕಾಯಿಲೆ. ಸುಮಾರು 15ರಿಂದ 20 ಸಾವಿರ ಹೆರಿಗೆಗಳಿಗೆ ಒಂದು. ಹಲವರಿಗೆ ಕಣ್ಣಿನ ಬಿಳಿಭಾಗವೇ ನೀಲಿಯಾಗಿ ಕಾಣುತ್ತದೆ. 1788ರಲ್ಲೇ ಸ್ವೀಡನ್ನಿನ ಓಲೋಫ್ ಯಾಕೋಬ್ ಎಕ್‌ಮನ್ ಒಂದೇ ಮನೆತನದ ಮೂರು ತಲೆಮಾರುಗಳಲ್ಲಿ ಇದನ್ನು ದಾಖಲಿಸಿದ್ದ. ವಂಶದಲ್ಲಿ ಹರಿದುಬರುತ್ತದೆ ಎಂಬುದು ಆಗಲೇ ಕಂಡಿತ್ತು. ಏನು ಕೆಟ್ಟಿದೆ ಎಂಬುದು ಮಾತ್ರ ತಿಳಿದಿರಲಿಲ್ಲ.

ಅದರ ಸುಳಿವು ಸಿಕ್ಕಿದ್ದು ನಮ್ಮ ಪಕ್ಕದ ಮದ್ರಾಸಿನಲ್ಲಿ. ವಿಜ್ಞಾನಿಗಳಾದ ಜಿ.ಎನ್. ರಾಮಚಂದ್ರನ್ ಮತ್ತು ಗೋಪೀನಾಥ್ ಕರ್ತಾ 1954–55ರಲ್ಲಿ, ಎಲುಬು, ಸ್ನಾಯುರಜ್ಜುಗಳಲ್ಲಿರುವ ಕೊಲಾಜೆನ್ ಎಂಬ ಪ್ರೋಟೀನಿನ ರಚನೆ ಬಿಡಿಸಿದರು. ಅಲ್ಲಿನ ಚರ್ಮ ಸಂಶೋಧನಾ ಸಂಸ್ಥೆಯಿಂದ ಬಂದ ಕಾಂಗರೂ ಬಾಲದ ಸ್ನಾಯುರಜ್ಜುವಿಗೆ ಎಕ್ಸ್‌ರೇ ಹಾಯಿಸಿ ನೋಡಿದರೆ, ಒಂದನ್ನೊಂದು ಸುತ್ತಿಕೊಂಡ ಮೂರು ಎಳೆ! ಪ್ರತಿ ಎಳೆಯಲ್ಲೂ ಮೂರನೆಯ ಸ್ಥಾನಕ್ಕೊಮ್ಮೆ ಗ್ಲೈಸಿನ್ ಬರಲೇಬೇಕು. ಪ್ರೋಟೀನಿನ ಕೊಂಡಿಗಳಾದ ಅಮೈನೋ ಆಮ್ಲಗಳಲ್ಲೇ ಅದು ಅತಿ ಚಿಕ್ಕದು. ನಡುವಿನ ಇಕ್ಕಟ್ಟಿನಲ್ಲಿ ಬೇರೇನೂ ಹಿಡಿಸುವುದಿಲ್ಲ. ವಂಶವಾಹಿಯ ಒಂದಕ್ಷರ ಬದಲಾಗಿ ಅಲ್ಲಿ ದಪ್ಪದೊಂದು ಕೂತರೆ ಮುಂದಿನ ಸುತ್ತು ಸರಿಯಾಗಿ ಬೀಳುವುದಿಲ್ಲ. ಪುಂಡಿ ನಾರಿನ ಮೂರೆಳೆ ಹಗ್ಗ ಹೊಸೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎಲುಬಿನ ಗಟ್ಟಿತನ ಕ್ಯಾಲ್ಸಿಯಂನದಾದರೆ, ತಾಳಿಕೆ ಕೊಲಾಜೆನ್‌ನದು. ಹಾಗಾಗಿ ಬಾಟಲಿಗಟ್ಟಲೆ ಕ್ಯಾಲ್ಸಿಯಂ ಸಿರಪ್ ಕುಡಿಸಿದರೂ ಮೂಲದ ದೋಷ ಹೋಗದು.

1979ರಲ್ಲಿ ಆಸ್ಟ್ರೇಲಿಯಾದ ಡೇವಿಡ್ ಸಿಲೆನ್ಸ್ ಈ ಕಾಯಿಲೆಯನ್ನು ನಾಲ್ಕು ಬಗೆಯಾಗಿ ವಿಂಗಡಿಸಿದರು. 1980ರ ದಶಕದಲ್ಲಿ ಕೊಲಾಜೆನ್ ವಂಶವಾಹಿಯಲ್ಲೇ ದೋಷ ಸಿಕ್ಕಿತು.

ನಮ್ಮ ಭಾಗದಲ್ಲಿ ಎಲ್ಲಕ್ಕೂ ಒಂದೇ ಉತ್ತರ: ಸೋದರಮಾವನಿಗೆ ಕೊಟ್ಟಿದ್ದಕ್ಕೆ ಹೀಗಾಯಿತು. ಇದು ಅರ್ಧ ನಿಜ, ಅದೂ ಚಿಕ್ಕ ಅರ್ಧ. ಹತ್ತರಲ್ಲಿ ಎಂಟೊಂಬತ್ತು ಪ್ರಕರಣಗಳಿಗೆ ಕೆಟ್ಟ ವಂಶವಾಹಿಯ ಒಂದೇ ಪ್ರತಿ ಸಾಕು. ಅದು ತಂದೆ ಅಥವಾ ತಾಯಿಯಿಂದ ಬಂದಿರಬಹುದು, ಕೂಸಿನಲ್ಲೇ ಹೊಸದಾಗಿ ಹುಟ್ಟಿರಲೂಬಹುದು. ರಕ್ತಸಂಬಂಧದ ಮದುವೆಗೂ ಇದಕ್ಕೂ ನಂಟಿಲ್ಲ. ಇಬ್ಬರಿಂದಲೂ ಒಂದೊಂದು ಕೆಟ್ಟ ಪ್ರತಿ ಬಂದರೆ ಮಾತ್ರ ತಲೆದೋರುವ ಬಗೆಗಳು 2006ರಿಂದೀಚೆಗೆ ಒಂದೊಂದಾಗಿ ಪತ್ತೆಯಾದವು. ಒಳಸಂಬಂಧದ ಮಾತು ಹೊಂದುವುದು ಅಲ್ಲಿ. ಅಂಥ ಮನೆಯಲ್ಲಿ ಪ್ರತಿ ಬಸಿರಿಗೂ ನಾಲ್ಕರಲ್ಲೊಂದು ಪಾಲು ಅಪಾಯ. ಯಾವ ಬಗೆ ಎಂದು ವಂಶವಾಹಿ ಪರೀಕ್ಷೆ ಹೇಳುವ ಮೊದಲೇ ಬೀಗರ ನಡುವೆ ಜಗಳ ಹತ್ತುತ್ತದಲ್ಲ, ಅದು ಶುದ್ಧ ದಂಡ.

ಗುಣಪಡಿಸುವ ಔಷಧ ಇನ್ನೂ ಇಲ್ಲ. ಆದರೆ 1998ರಲ್ಲಿ ಮಾಂಟ್ರಿಯಲ್‌ನ ಫ್ರಾನ್ಸಿಸ್ ಗ್ಲೋರಿಯೋ ತಂಡ, ಪಾಮಿಡ್ರೊನೇಟ್ ಡ್ರಿಪ್ ಕೊಟ್ಟ 30 ಮಕ್ಕಳಲ್ಲಿ ಎಲುಬಿನ ಸಾಂದ್ರತೆ ಹೆಚ್ಚಿ ಮುರಿತ ಕಡಿಮೆಯಾದದ್ದನ್ನು ತೋರಿಸಿತು. ಎಲುಬು ಸವೆಯುವುದನ್ನು ತಡೆಯುವ ಔಷಧವಿದು. ಲಂಗೋಟಿ ಬದಲಿಸುವಾಗ ಪಾದ ಹಿಡಿದು ಎತ್ತದೆ, ಸೊಂಟದಡಿ ಅಂಗೈ ಕೊಟ್ಟು ಎತ್ತುವ ರೂಢಿಯೂ ಅಷ್ಟೇ ಮುಖ್ಯ.

2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿಯ ಎರಡನೇ ಗುಂಪಿನಲ್ಲಿ, ಅಂದರೆ ದೀರ್ಘಕಾಲ ಬೇಕಾದರೂ ಖರ್ಚು ಕಡಿಮೆಯಿರುವ ಚಿಕಿತ್ಸೆಗಳ ಗುಂಪಿನಲ್ಲಿ, ಈ ಔಷಧದ ಚಿಕಿತ್ಸೆಯಿದೆ. ಅದರ ಕೇಂದ್ರಗಳಲ್ಲಿ ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯೂ ಹೈದರಾಬಾದಿನ ನಿಮ್ಸ್ ಆಸ್ಪತ್ರೆ ಕೂಡ ಸೇರಿವೆ. ಬೀದರ್‌ನವರಿಗೆ ಹೈದರಾಬಾದ್ ಮೂರು ತಾಸಿನ ಹಾದಿ, ಬೆಂಗಳೂರೆಂದರೆ ಇಡೀ ರಾತ್ರಿಯ ರೈಲು.