ಬೊಗಳುವ ನಾಯಿ ಕಳ್ಳನಲ್ಲ

ರಕ್ತಪರೀಕ್ಷೆಯ ವರದಿಯಲ್ಲಿ ‘ಸಿಆರ್‌ಪಿ’ (ಸಿ-ರಿಯಾಕ್ಟಿವ್ ಪ್ರೋಟೀನ್, ಮೈಯಲ್ಲಿ ಉರಿಯೂತ ಎದ್ದಾಗ ರಕ್ತದಲ್ಲಿ ಏರುವ ಪ್ರೋಟೀನು) ಎದುರು ದಪ್ಪಕ್ಷರದ ಅಂಕಿ ಕಂಡರೆ ಸಾಕು, ‘ರಕ್ತ ಕೆಟ್ಟಿದೆ’ ಎಂದು ಕಷಾಯ ಕುದಿಸಲು ಹೊರಡುವವರಿದ್ದಾರೆ. ರಕ್ತ ಕೆಟ್ಟಿಲ್ಲ ಸ್ವಾಮಿ, ಕಾವಲುನಾಯಿ ಬೊಗಳುತ್ತಿದೆ.

ಈಗ ಹೃದಯದ ಅಪಾಯ ಅಳೆಯಲೂ ನೋಡುವ ಈ ಪ್ರೋಟೀನು ಮೊದಲು ಕಣ್ಣಿಗೆ ಬಿದ್ದದ್ದು 1930ರಲ್ಲಿ, ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ. ಟಿಲೆಟ್ ಮತ್ತು ಫ್ರಾನ್ಸಿಸ್ ಎಂಬ ಸಂಶೋಧಕರು ನೋಡುತ್ತಿದ್ದದ್ದು ಹೃದ್ರೋಗಿಗಳನ್ನಲ್ಲ, ನ್ಯುಮೋನಿಯಾ ಆದವರನ್ನು. ಪೆನಿಸಿಲಿನ್ ಇನ್ನೂ ಔಷಧಿಯಾಗಿರದ ಕಾಲ. ರೋಗಾಣುವಿನ ‘ಸಿ’ ಎಂಬ ಸಕ್ಕರೆಸರಪಳಿಯ ಜೊತೆ ಕೂಡಿ ಇದು ಗಸಿ ಕಟ್ಟುತ್ತಿತ್ತು. ಹೆಸರಿನ ‘ಸಿ’ ಅಲ್ಲಿಂದ ಬಂದದ್ದು. ರೋಗ ಇಳಿದರೆ ಇದೂ ಮಾಯ.

ಹೃದಯಕ್ಕೂ ಇದಕ್ಕೂ ಏನು ನಂಟು? ಚೀನಾದ ತಾಂಗ್‌ಶಾನ್‌ಗೆ ಹೋಗೋಣ, 1976ರ ಭೂಕಂಪದಲ್ಲಿ ನೆಲಸಮವಾಗಿ ಮತ್ತೆ ಎದ್ದ ಊರು. ಅಲ್ಲಿನ ಕೈಲುವಾನ್ ಕಲ್ಲಿದ್ದಲು ಕಂಪನಿಯ ನೌಕರರು, ನಿವೃತ್ತರು ಸೇರಿ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು 2006ರಿಂದ ಎರಡು ವರ್ಷಕ್ಕೊಮ್ಮೆ ತಪಾಸಣೆ ಮಾಡುತ್ತ ಬಂದಿದ್ದಾರೆ. ಸಿಆರ್‌ಪಿ ಮೇಲಿದ್ದವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಹೆಚ್ಚು. ಆದರೆ ಅಳತೆಗೋಲಿನಲ್ಲೇ ಒಂದು ತೊಡಕಿದೆ. ಲೀಟರಿಗೆ 1 ಮಿಲಿಗ್ರಾಂಗಿಂತ ಕಡಿಮೆಯಿದ್ದರೆ ಕ್ಷೇಮ, 3 ದಾಟಿದರೆ ಅಪಾಯ ಎಂಬ ಗೆರೆ ಎಳೆದದ್ದು 2003ರಲ್ಲಿ, ಅಮೆರಿಕದಲ್ಲಿ. ಚೀನೀಯರ ಸರಾಸರಿ ಮಟ್ಟ ಪಾಶ್ಚಾತ್ಯರಿಗಿಂತ ಕೆಳಗಿದೆ. ಅಮೆರಿಕದಲ್ಲಿ ‘ಸಾಧಾರಣ’ ಎನಿಸುವವನು ಚೀನಾದಲ್ಲಿ ತನ್ನ ಓರಗೆಯವರ ನಡುವೆ ಮೇಲಿನ ಸಾಲಿನಲ್ಲಿರಬಹುದು.

ನನಗೆ ಅತಿ ಇಷ್ಟವಾದ ಭಾಗ ಇನ್ನು ಮುಂದಿದೆ. ಕೊಬ್ಬು ತುಂಬಿದ ರಕ್ತನಾಳದ ಗೋಡೆಗೆ ಬಿಳಿ ರಕ್ತಕಣಗಳು ನುಗ್ಗಿ ಉರಿಯೂತ ಎಬ್ಬಿಸುತ್ತವೆ. ಅವು ಇಂಟರ್‌ಲ್ಯೂಕಿನ್-6 ಎಂಬ ಓಲೆ ಕಳಿಸುತ್ತವೆ, ಓಲೆ ಓದಿದ ಯಕೃತ್ತು ಸಿಆರ್‌ಪಿ ಸುರಿಸುತ್ತದೆ. ಹೊಟ್ಟೆಯ ಬೊಜ್ಜು, ಸಿಗರೇಟು, ಒಸಡಿನ ಕೀವು, ಎಲ್ಲವೂ ಅದೇ ಓಲೆ ಬರೆಯಬಲ್ಲವು. ಅಂದರೆ ಸಿಆರ್‌ಪಿ ಹೊಗೆ, ಬೆಂಕಿಯಲ್ಲ. ಕುಕ್ಕರಿನ ಸೀಟಿ, ಒಳಗಿನ ಆವಿಯಲ್ಲ. ಹುಟ್ಟಿನಿಂದಲೇ ಜೀನಿನ ದೆಸೆಯಿಂದ ಸಿಆರ್‌ಪಿ ತುಸು ಹೆಚ್ಚಿರುವವರಿಗೆ ಹೃದ್ರೋಗ ಹೆಚ್ಚಾಗಿ ಬರುವುದಿಲ್ಲವೆಂದು 2011ರಲ್ಲಿ ಪ್ರಕಟವಾದ ದೊಡ್ಡ ವಿಶ್ಲೇಷಣೆ ತೋರಿಸಿತು. ಗಂಟಲು ದೊಡ್ಡದಿರುವ ನಾಯಿ ಸಾಕಿದ ಮನೆಗೆ ಕಳ್ಳರು ಹೆಚ್ಚು ಬರುತ್ತಾರೆಯೇ?

ಹಾಗೆಂದು ಕಳ್ಳನೇ ಇಲ್ಲ ಎನ್ನುವಂತಿಲ್ಲ, ಉರಿಯೂತವೇ ಆ ಕಳ್ಳ. 2017ರಲ್ಲಿ ಪ್ರಕಟವಾದ ಕ್ಯಾಂಟೋಸ್ ಎಂಬ ಔಷಧ ಪ್ರಯೋಗದಲ್ಲಿ, ಒಮ್ಮೆ ಹೃದಯಾಘಾತವಾದ 10,061 ಜನರಲ್ಲಿ ಕೆಲವರಿಗೆ ಉರಿಯೂತವನ್ನು ಮೂಲದಲ್ಲೇ ತಡೆಯುವ ಚುಚ್ಚುಮದ್ದು ಕೊಟ್ಟರು. ಕೆಟ್ಟ ಕೊಲೆಸ್ಟರಾಲ್ ಅಲುಗಲಿಲ್ಲ. ಆದರೂ 150 ಮಿಲಿಗ್ರಾಂ ಪಡೆದವರಲ್ಲಿ ಹೃದಯಾಘಾತ, ಪಾರ್ಶ್ವವಾಯು, ಹೃದಯಸಂಬಂಧಿ ಸಾವು ಒಟ್ಟಾರೆ ಶೇ. 15ರಷ್ಟು ಇಳಿದವು. ಬೆಲೆಯನ್ನೂ ತೆರಬೇಕಾಯಿತು: ಸೋಂಕಿನಿಂದ ಸತ್ತವರು ತುಸು ಹೆಚ್ಚಿದರು.

ನೆಗಡಿ-ಜ್ವರದ ವಾರ ಪರೀಕ್ಷೆ ಮಾಡಿಸಿದರೆ ಅಂಕಿ 10 ದಾಟಬಹುದು. ಎರಡು ವಾರ ಬಿಟ್ಟು ಮತ್ತೆ ನೋಡಿ. ಕಷಾಯ ಕುಡಿದವರ ಅಂಕಿ ಅಷ್ಟರಲ್ಲಿ ಇಳಿದಿರುತ್ತದೆ. ಕುಡಿಯದವರದ್ದೂ.